ಗ್ರಾಮ ಪಂಚಾಯತ್ ಹೋಗಿ ಪಟ್ಟಣ ಪಂಚಾಯತ್ ಬಂತು, ಈಗ ಪಾಲಿಕೆಗೆ ಸೇರಿಸುವ ಮಾತು: ನಮ್ಮ ಮೋರಿ ಬಗ್ಗೆ ಯಾರನ್ನು ಕೇಳುವುದು?

ಬಾವಿಕಟ್ಟೆ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಉಂಟು, ಬೇಸರ ಮಾಡಬೇಡಿ.

ನಮ್ಮ ಮನೆ ಮಂಗಳೂರಿನ ಹೊರವಲಯದಲ್ಲಿ. ಊರಿನ ಹೆಸರು ಬೇಡ, ನಾನು ಜಗಳಕ್ಕೆ ಬಂದದ್ದಲ್ಲ. ಮದುವೆಯಾಗಿ ಬರುವಾಗ ಇಲ್ಲಿ ಗ್ರಾಮ ಪಂಚಾಯತ್ ಇತ್ತು. ಕೆಲವು ವರ್ಷದ ಹಿಂದೆ ಪಟ್ಟಣ ಪಂಚಾಯತ್ ಆಯಿತು. ಬೋರ್ಡ್ ಬದಲಾಯಿತು, ಪಿಡಿಒ ಹೋಗಿ ಮುಖ್ಯಾಧಿಕಾರಿ ಬಂದರು, ಕಸದ ಗಾಡಿ ಬಂತು. ಕಸದ ಗಾಡಿಯಿಂದ ನಿಜವಾಗಿಯೂ ಉಪಕಾರ ಆಗಿದೆ. ತೆರಿಗೆಯೂ ಜಾಸ್ತಿಯಾಯಿತು. ಆದರೆ ಮನೆ ಮುಂದಿನ ಮೋರಿ ಹಾಗೆಯೇ ಉಂಟು. ಜೂನ್‌ನಲ್ಲಿ ಮೊದಲ ದೊಡ್ಡ ಮಳೆ ಬಿದ್ದ ದಿನ ತೋಡಿನ ನೀರು ಮೋರಿಯಲ್ಲಿ ಹೋಗದೆ ಉಕ್ಕಿ ಅಂಗಳಕ್ಕೆ ಬರುತ್ತದೆ. ಹೋದ ವರ್ಷ ಬಾವಿಗೇ ಇಳಿಯಿತು. ಹದಿನೈದು ದಿನ ಪಕ್ಕದ ಮನೆಯಿಂದ ಕೊಡಪಾನದಲ್ಲಿ ನೀರು ಹೊತ್ತೆವು.

ನನ್ನ ಅತ್ತೆ ಗ್ರಾಮ ಸಭೆಗೆ ತಪ್ಪದೆ ಹೋಗುತ್ತಿದ್ದವರು. ಕಂದಾಯ ಕಟ್ಟಿದ ರಶೀದಿಗಳನ್ನೆಲ್ಲ ಒಂದು ಬಿಸ್ಕಿಟ್ ಡಬ್ಬಿಯಲ್ಲಿ ಹಾಕಿಟ್ಟಿದ್ದಾರೆ. ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗಿ, ಎದ್ದು ನಿಂತು, "ಇಷ್ಟು ವರ್ಷ ಕಟ್ಟಿದ್ದೇನೆ, ನಮ್ಮ ಮೋರಿ ಯಾವಾಗ?" ಎಂದು ಕೇಳುತ್ತಿದ್ದರು. ಕೆಲಸ ಆಗದಿದ್ದರೂ ಉತ್ತರ ಸಿಗುತ್ತಿತ್ತು. ಈಗಲೂ ನನ್ನ ಹತ್ತಿರ ಕೇಳುತ್ತಾರೆ, "ಗ್ರಾಮ ಸಭೆ ಯಾವಾಗ ಮಗಾ?"

ಈಗ ಮತ್ತೆ ಹೊಸ ಮಾತು, ನಮ್ಮನ್ನೆಲ್ಲ ಮಹಾನಗರ ಪಾಲಿಕೆಗೆ ಸೇರಿಸುತ್ತಾರಂತೆ. ಹಾಗೆ ಸೇರಿದ ಊರಿನವರು ಇಲ್ಲಿ ಇರಬಹುದು. ಒಳ್ಳೆಯದಾಯಿತಾ? ಗ್ರಾಮ ಸಭೆಯ ಬದಲಿಗೆ ಈಗ ನಮಗೆ ಎಂತ ಉಂಟು? ಯಾರಾದರೂ ಬಿಡಿಸಿ ಹೇಳಿ.

ಅಡಿಕೆ_ಸೋಗೆ
ಎಂತದ್ದೂ ಇಲ್ಲ ಅಕ್ಕ. ತೆರಿಗೆ ಮಾತ್ರ ಉಂಟು.

ತೊಕ್ಕೊಟ್ಟು_44
ಹಾಗೆ ಒಂದೇ ಮಾತಲ್ಲಿ ಹೇಳಿ ಮುಗಿಸಬೇಡಿ ಮಾರಾಯ್ರೆ. ಪಟ್ಟಣ ಆದ ಮೇಲೆ ನಮ್ಮ ಕಡೆ ಬೀದಿದೀಪ, ಕಾಂಕ್ರೀಟ್ ರಸ್ತೆ ಎಲ್ಲ ಬಂದಿದೆ. ನೇತ್ರಾವತಿ ಸೇತುವೆ ದಾಟಿ ತಲಪಾಡಿವರೆಗೆ ಹೋಗಿ ನೋಡಿ, ಮಧ್ಯದಲ್ಲಿ ಹೊಲ ಎಷ್ಟು ಉಳಿದಿದೆ? ಎಲ್ಲ ಮನೆ, ಫ್ಲಾಟ್, ಅಂಗಡಿ. ಇದನ್ನು ಹಳ್ಳಿ ಅಂತ ಎಷ್ಟು ದಿನ ಇಟ್ಟುಕೊಳ್ಳುವುದು? ಉಳ್ಳಾಲ ಪಟ್ಟಣ ಪಂಚಾಯತ್‌ನಲ್ಲೇ ನೋಡಿ, ಎಷ್ಟು ಜನ ಇದ್ದಾರೆ.

ಕಾನೂನು_ಕಪಾಟು
ಒಂದು ತಿದ್ದುಪಡಿ. ಉಳ್ಳಾಲ ಪಟ್ಟಣ ಪಂಚಾಯತ್ ಅಲ್ಲ, ನಗರಸಭೆ. ಅದಕ್ಕೆ ಮೊದಲು ಪುರಸಭೆ ಆಗಿತ್ತು. ಪಕ್ಕದ ಸೋಮೇಶ್ವರ ಪುರಸಭೆ, ಅದರ ಪಕ್ಕದ ಕೋಟೆಕಾರು ಪಟ್ಟಣ ಪಂಚಾಯತ್, ಆಮೇಲೆ ತಲಪಾಡಿ ಗ್ರಾಮ ಪಂಚಾಯತ್. ಒಂದೇ ಹೆದ್ದಾರಿಯಲ್ಲಿ ಕೆಲವೇ ಕಿಲೋಮೀಟರ್ ಒಳಗೆ ನಾಲ್ಕು ತರಹದ ಆಡಳಿತ.

ಲೆಕ್ಕ ಹೀಗೆ: 10 ಸಾವಿರದಿಂದ 20 ಸಾವಿರ ಜನ ಇದ್ದರೆ ಪಟ್ಟಣ ಪಂಚಾಯತ್. 20ರಿಂದ 50 ಸಾವಿರಕ್ಕೆ ಪುರಸಭೆ. 50 ಸಾವಿರದಿಂದ 3 ಲಕ್ಷದವರೆಗೆ ನಗರಸಭೆ. ಮೇಲೆ ಮಹಾನಗರ ಪಾಲಿಕೆ. ಬರೇ ತಲೆ ಎಣಿಸಿದರೆ ಸಾಲದು, ಜನ ಎಷ್ಟು ಒತ್ತಾಗಿ ಇದ್ದಾರೆ, ಬೇಸಾಯ ಬಿಟ್ಟು ಬೇರೆ ಕೆಲಸದಲ್ಲಿ ಎಷ್ಟು ಮಂದಿ ಎಂದೂ ನೋಡಬೇಕು. 2011ರ ಜನಗಣತಿಯಲ್ಲಿ ಉಳ್ಳಾಲ 50 ಸಾವಿರ ದಾಟಿತ್ತು, ಹಾಗಾಗಿ ನಗರಸಭೆ.

ತೊಕ್ಕೊಟ್ಟು_44
ಸರಿ ಸರ್, ನಗರಸಭೆ. ಬಾಯಿ ತಪ್ಪಿತು. ಮಾತು ಮಾತ್ರ ಅದೇ, ಇದು ಊರಲ್ಲ, ಪೇಟೆ.

ಅಡಿಕೆ_ಸೋಗೆ
ತೊಕ್ಕೊಟ್ಟು ಪೇಟೆ, ಒಪ್ಪಿದೆ. ಆದರೆ ಗಡಿ ಎಳೆಯುವಾಗ ಪೇಟೆಯನ್ನು ಮಾತ್ರ ಸುತ್ತು ಹಾಕಿ ಎಳೆಯುವುದಿಲ್ಲ ಅಲ್ವಾ? ಹಿಂದಿನ ಗದ್ದೆ, ತೋಟ, ಗುಡ್ಡ ಎಲ್ಲ ಒಟ್ಟಿಗೆ ಹೋಗುತ್ತದೆ. ನಮ್ಮದು ಹಾಗೆಯೇ ಹೋದದ್ದು. ಪಂಚಾಯತ್ ಇದ್ದಾಗ ಉದ್ಯೋಗ ಖಾತರಿಯಲ್ಲಿ ಬಾವಿ ತೆಗೆಸಿದ್ದೆವು, ಹಟ್ಟಿ ಕಟ್ಟಿದ್ದೆವು, ಅಡಿಕೆ ಗುಂಡಿಗೂ ದುಡ್ಡು ಬರುತ್ತಿತ್ತು. ಪಟ್ಟಣ ಅಂತ ಬೋರ್ಡ್ ಬಿದ್ದ ದಿನವೇ ಅದು ನಿಂತಿತು. ಪಕ್ಕದ ತೋಟ ಇನ್ನೂ ಗ್ರಾಮ ಪಂಚಾಯತ್‌ನಲ್ಲಿ ಉಂಟು. ನಡುವೆ ಇರುವುದು ಒಂದು ಕಲ್ಲಿನ ಅಗಳು. ಅವರಿಗೆ ಸಿಗುತ್ತದೆ, ನನಗಿಲ್ಲ. ಮಳೆ, ಮಣ್ಣು, ಕೊಳೆರೋಗ ಎಲ್ಲ ಇಬ್ಬರಿಗೂ ಒಂದೇ.

ಕಾಪು_ಕಡಲು
ಇದು ನಮ್ಮ ಕಡೆಯೂ ಉಂಟು. ಕಾಪು, ಮಲ್ಲಾರು, ಉಳಿಯಾರಗೋಳಿ ಮೂರು ಗ್ರಾಮ ಪಂಚಾಯತ್ ಸೇರಿಸಿ ಕಾಪು ಪುರಸಭೆ ಮಾಡಿದ್ದು. ಕಾಪು ಪೇಟೆಯವರಿಗೆ ಖುಷಿ. ಒಳಗಿನ ಗದ್ದೆ ಇದ್ದವರಿಗೆ ಮೊದಲ ಪ್ರಶ್ನೆ ಇದೇ, ಉದ್ಯೋಗ ಖಾತರಿ ಎಲ್ಲಿ ಹೋಯಿತು?

ಹಳೇ_ಕಾರ್ಯದರ್ಶಿ
ಬಾವಿಕಟ್ಟೆ ಅಮ್ಮ, ನಿಮ್ಮ ಅತ್ತೆಯವರಂಥವರನ್ನು ನಾನು ಮೇಜಿನ ಈಚೆ ಬದಿಯಲ್ಲಿ ಕೂತು ನೋಡಿದವನು. ಈಗಿನ ಗ್ರಾಮ ಪಂಚಾಯತ್‌ಗಿಂತ ಮೊದಲು ಇದ್ದ ಮಂಡಲ ಪಂಚಾಯತ್ ಕಾಲದಲ್ಲಿ ಕೆಲಸಕ್ಕೆ ಸೇರಿ, ಪಿಡಿಒಗಳು ಬಂದ ಮೇಲೆ ನಿವೃತ್ತಿ ಆದೆ. ಇಲ್ಲಿ ಕಿರಿಯರು ಜಾಸ್ತಿ ಇದ್ದಾರೆ, ಹಳೆಯ ಕಥೆ ಸ್ವಲ್ಪ ಹೇಳುತ್ತೇನೆ.

ನಮ್ಮ ಜಿಲ್ಲೆ 1956ರ ನವೆಂಬರ್ 1ರವರೆಗೆ ಮದರಾಸಿನದ್ದು. ಮಂಗಳೂರಿನ ಪುರಸಭೆ 1866ರದ್ದು, ಅದೂ ಮದರಾಸಿನ ಕಾನೂನಿನಲ್ಲೇ ಹುಟ್ಟಿದ್ದು. ಹಳ್ಳಿಗಳಲ್ಲಿ ಪಂಚಾಯತ್ ಬೋರ್ಡ್ ಇತ್ತು. ನಮ್ಮ ಅಜ್ಜಂದಿರು ಕೊನೆಯವರೆಗೂ "ಬೋರ್ಡ್ ಆಫೀಸು" ಎಂದೇ ಹೇಳುತ್ತಿದ್ದರು. ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ 1959ರ ಪಂಚಾಯತ್ ಕಾನೂನು ಬಂತು, ತಾಲೂಕು ಅಭಿವೃದ್ಧಿ ಮಂಡಳಿ ಬಂತು. ಪಂಚಾಯತ್ ಕೈಯಲ್ಲಿ ದುಡ್ಡೂ ಇರಲಿಲ್ಲ, ಅಧಿಕಾರವೂ ಇರಲಿಲ್ಲ.

ನಿಜವಾದ ಬದಲಾವಣೆ ಬಂದದ್ದು 1983ರ ಕಾನೂನಿನಿಂದ, 1987ರ ಚುನಾವಣೆಯಿಂದ. ರಾಮಕೃಷ್ಣ ಹೆಗಡೆಯವರ ಸರ್ಕಾರ, ಮಂತ್ರಿ ಅಬ್ದುಲ್ ನಜೀರ್ ಸಾಬ್. ಬೋರ್‌ವೆಲ್ ಹಾಕಿಸಿದ್ದಕ್ಕೆ ಜನ ಅವರನ್ನು "ನೀರ್ ಸಾಬ್" ಎಂದೇ ಕರೆದರು. ಮಂಡಲ ಪಂಚಾಯತ್‌ನಲ್ಲಿ 100ಕ್ಕೆ 25 ಸ್ಥಾನ ಹೆಂಗಸರಿಗೆ. ಸಭೆಯಲ್ಲಿ ಹೆಂಗಸರು ಬೆಂಚಿನ ತುದಿಯಲ್ಲಿ ಕೂರುತ್ತಿದ್ದರು, ಮೊದಲ ಮೂರು ಸಭೆ ಬಾಯಿ ಬಿಡಲಿಲ್ಲ. ನಾಲ್ಕನೆಯ ಸಭೆಯಲ್ಲಿ ಬೀಡಿ ಕಟ್ಟುವ ಒಬ್ಬ ಸದಸ್ಯೆ ಎದ್ದು, ನಾನು ಓದಿದ ಖರ್ಚಿನ ಪಟ್ಟಿಯಲ್ಲಿ ಒಂದು ಬಾವಿಯ ಹೆಸರು ಹಿಡಿದು, "ಆ ಬಾವಿ ನಮ್ಮ ಮನೆ ಹಿಂದೆ ಇರುವುದು, ಅದರ ಹೂಳು ಯಾರೂ ತೆಗೆದಿಲ್ಲ" ಎಂದರು. ನಾನು ಪುಸ್ತಕ ಮುಚ್ಚಿದೆ. ಮರುದಿನ ಹೋಗಿ ನೋಡಿದೆ. ಅವರು ಹೇಳಿದ್ದು ಸರಿ. ನನ್ನ ಸರ್ವಿಸ್‌ನಲ್ಲಿ ಕಲಿತ ದೊಡ್ಡ ಪಾಠ ಅದು.

1993ರಲ್ಲಿ ಈಗಿನ ಗ್ರಾಮ ಪಂಚಾಯತ್ ಬಂತು. 400 ಜನಕ್ಕೆ ಒಬ್ಬ ಸದಸ್ಯ, ಗ್ರಾಮ ಸಭೆ ಕಡ್ಡಾಯ. ನಿಮ್ಮ ಅತ್ತೆ ಎದ್ದು ನಿಂತದ್ದು ಆ ಕಾನೂನಿನ ಬಲದಿಂದ. ಪಟ್ಟಣ ಪಂಚಾಯತ್ ನಡೆಯುವುದು ಬೇರೆ ಕಾನೂನಿನಲ್ಲಿ, 1964ರ ಪೌರಸಭೆಗಳ ಕಾನೂನು. ಅದರಲ್ಲಿ ಗ್ರಾಮ ಸಭೆ ಇಲ್ಲ.

ಮೀನುಪೇಟೆ
ಕಾರ್ಯದರ್ಶಿಗಳೇ, ಇದನ್ನೆಲ್ಲ ಬರೆದಿಡಿ. ನಮ್ಮ ಮಕ್ಕಳಿಗೆ ಮಂಡಲ ಪಂಚಾಯತ್ ಅಂದರೆ ಎಂತ ಎಂದೇ ಗೊತ್ತಿಲ್ಲ.

ಏಳನೇ_ಬ್ಲಾಕ್
ಪಾಲಿಕೆಗೆ ಸೇರಿದವರ ಅನುಭವ ಕೇಳಿದ್ದೀರಿ, ನಾನು ಹೇಳುತ್ತೇನೆ. ನಮ್ಮದು ಕೃಷ್ಣಾಪುರ. ಪಣಂಬೂರಿನಲ್ಲಿ ಬಂದರಿಗೆ ಜಾಗ ಬಿಟ್ಟುಕೊಟ್ಟವರನ್ನು ಕಾಟಿಪಳ್ಳ, ಕೃಷ್ಣಾಪುರದಲ್ಲಿ ಬ್ಲಾಕ್ ಬ್ಲಾಕ್ ಮಾಡಿ ಕೂರಿಸಿದರು. ಹಾಗಾಗಿ ನಮ್ಮ ವಿಳಾಸದಲ್ಲಿ ಕೇರಿಯ ಹೆಸರು ಇಲ್ಲ, ಬ್ಲಾಕ್ ನಂಬರ್ ಉಂಟು. ಬಂದರು 1975ರಲ್ಲಿ ಉದ್ಘಾಟನೆ ಆಯಿತು. ನನ್ನ ಅಪ್ಪ ಹುಟ್ಟಿದ ಮನೆ ಇದ್ದ ಜಾಗದಲ್ಲಿ ಈಗ ಹಡಗು ನಿಲ್ಲುತ್ತದೆ.

ಸುರತ್ಕಲ್ ಕಡೆಯ ಊರುಗಳು ಆಮೇಲೆ ಮಂಗಳೂರು ಪಾಲಿಕೆಗೆ ಸೇರಿದವು. ಪಾಲಿಕೆಯ 60 ವಾರ್ಡ್‌ಗಳಲ್ಲಿ ಒಂದನೇ ನಂಬರ್ ವಾರ್ಡೇ ಸುರತ್ಕಲ್ ಪಶ್ಚಿಮ, ಎಣಿಕೆ ನಮ್ಮ ಕಡೆಯಿಂದ ಶುರು. ಒಳ್ಳೆಯದಾಯಿತಾ ಅಂದರೆ ಹೌದು, ಆಯಿತು. ತುಂಬೆ ಅಣೆಕಟ್ಟಿನ ನೀರು ನಳ್ಳಿಯಲ್ಲಿ ಬಂತು. ಸುರತ್ಕಲ್‌ನಲ್ಲೇ ವಲಯ ಕಚೇರಿ ಉಂಟು, ಸಣ್ಣ ಕೆಲಸಕ್ಕೆ ಲಾಲ್‌ಬಾಗ್‌ನ ಪಾಲಿಕೆ ಕಚೇರಿಗೆ ಹೋಗಬೇಕೆಂದಿಲ್ಲ. ಹೋದದ್ದು ಯಾವುದು ಅಂದರೆ ಸಲಿಗೆ. ಮೊದಲು ಸದಸ್ಯ ಅಂದರೆ ಅಂಗಡಿಯಲ್ಲಿ ಚಹಾ ಕುಡಿಯುವಾಗ ಪಕ್ಕದಲ್ಲಿ ಕೂರುವ ಜನ. ಈಗ ಅವರಿಗೂ ಸಾವಿರಾರು ಮತದಾರರು, ಪಾಪ ಎಲ್ಲಿ ಅಂತ ಹೋಗುವುದು?

ಕಾನೂನು_ಕಪಾಟು
ಏಳನೇ ಬ್ಲಾಕ್ ಹೇಳಿದ್ದನ್ನು ಲೆಕ್ಕದಲ್ಲಿ ನೋಡಿ. ಗ್ರಾಮ ಪಂಚಾಯತ್‌ನಲ್ಲಿ 400 ಜನಕ್ಕೆ ಒಬ್ಬರು. ಉಳ್ಳಾಲದಲ್ಲಿ 31 ವಾರ್ಡ್, ಅಂದರೆ 2011ರ ಲೆಕ್ಕದಲ್ಲಿ ಒಬ್ಬರಿಗೆ ಸುಮಾರು 1,700 ಜನ. ಮಂಗಳೂರಿನಲ್ಲಿ ಸುಮಾರು 5 ಲಕ್ಷಕ್ಕೆ 60 ಸದಸ್ಯರು, ಒಬ್ಬರಿಗೆ 8 ಸಾವಿರಕ್ಕೂ ಜಾಸ್ತಿ. ಊರು ದೊಡ್ಡದಾದಷ್ಟೂ ಸದಸ್ಯರು ದೂರ ಆಗುತ್ತಾರೆ.

ಇನ್ನೊಂದು ವ್ಯತ್ಯಾಸ ಚುನಾವಣೆಯಲ್ಲಿ. ಗ್ರಾಮ ಪಂಚಾಯತ್ ಚುನಾವಣೆ ಪಕ್ಷದ ಚಿಹ್ನೆ ಇಲ್ಲದೆ ನಡೆಯುತ್ತದೆ. ಪಟ್ಟಣ ಪಂಚಾಯತ್‌ನಿಂದ ಮೇಲೆ ಎಲ್ಲ ಪಕ್ಷದ ಚಿಹ್ನೆ. ಶಾಸಕರಿಗೆ, ಸಂಸದರಿಗೆ ಅಲ್ಲಿ ಮತ ಹಾಕುವ ಹಕ್ಕೂ ಉಂಟು. ಅಧ್ಯಕ್ಷರ ಆಯ್ಕೆಯಲ್ಲಿ ಆ ಒಂದೆರಡು ಮತವೇ ಎಷ್ಟೋ ಕಡೆ ಲೆಕ್ಕ ಬದಲಿಸಿದೆ.

ಸ್ವರ್ಣೆಯ_ನೀರು
ನಾನು ಉಡುಪಿಯವ, ಸೇರಿಸುವುದರ ಪರ. ಉಡುಪಿ ನಗರಸಭೆಗೆ 35 ವಾರ್ಡ್. ಮಲ್ಪೆಯ ಕಡಲಿನಿಂದ ಮಣಿಪಾಲದ ಗುಡ್ಡದವರೆಗೆ ಒಂದೇ ಆಡಳಿತ. ಇದನ್ನು ಐದಾರು ಸಣ್ಣ ಪಂಚಾಯತ್ ಆಗಿ ಬಿಟ್ಟಿದ್ದರೆ ಸ್ವರ್ಣಾ ನದಿಗೆ ಬಜೆಯಲ್ಲಿ ಅಣೆಕಟ್ಟು ಹಾಕಿ ಮನೆ ಮನೆಗೆ ನೀರು ತರುವ ಶಕ್ತಿ ಯಾರಿಗೆ ಇರುತ್ತಿತ್ತು? ನೀರು, ಒಳಚರಂಡಿ, ಕಸ ಈ ಮೂರನ್ನು ಸಣ್ಣ ಪಂಚಾಯತ್ ಒಂದೇ ಮಾಡಲಿಕ್ಕೆ ಆಗುವುದಿಲ್ಲ.

ಇನ್ನೊಂದು ಮಾತು. ಉಡುಪಿ ಪುರಸಭೆ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿದ್ದು ದೇಶದಲ್ಲೇ ಮೊದಲು. ಆಗ ಅಧ್ಯಕ್ಷರು ಡಾ. ವಿ.ಎಸ್. ಆಚಾರ್ಯ, 1968ರಲ್ಲಿ ಅಧ್ಯಕ್ಷರಾದವರು. ವಿಧಾನಸೌಧದಿಂದ ಆದೇಶ ಬರಲಿ ಅಂತ ಕಾಯಲಿಲ್ಲ. ಸಣ್ಣ ಪೇಟೆಯ ಕೌನ್ಸಿಲ್ ಮನಸ್ಸು ಮಾಡಿದರೆ ಎಂತ ಮಾಡಬಹುದು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಅಡಿಕೆ_ಸೋಗೆ
ಅದೇ ಅಲ್ವಾ ನಾನೂ ಹೇಳುವುದು! ಅದನ್ನು ಮಾಡಿದ್ದು ಸಣ್ಣ ಪುರಸಭೆ. ಆಗ ಉಡುಪಿ ಇಷ್ಟು ದೊಡ್ಡದಿರಲಿಲ್ಲ.

ಸ್ವರ್ಣೆಯ_ನೀರು
ಮಾಡಿದ್ದು ಸಣ್ಣದು, ಒಪ್ಪಿದೆ. ಆದರೆ ಅದು ಪುರಸಭೆ ಆಗಿತ್ತು. ಕೈಯಲ್ಲಿ ಅಧಿಕಾರ, ಸಿಬ್ಬಂದಿ, ಆರೋಗ್ಯಾಧಿಕಾರಿ ಎಲ್ಲ ಇತ್ತು. ಬರೇ ಹತ್ತಿರ ಇದ್ದರೆ ಆಗುವುದಿಲ್ಲ ಅಣ್ಣ, ಕೈಯಲ್ಲಿ ಏನಾದರೂ ಇರಬೇಕು.

ತೊಕ್ಕೊಟ್ಟು_44
ಕಡಲ್ಕೊರೆತ ನೋಡಿ. ಮುಕ್ಕಚ್ಚೇರಿ, ಸೋಮೇಶ್ವರ ಉಚ್ಚಿಲದಲ್ಲಿ ಮಳೆಗಾಲ ಬಂದರೆ ಜನ ರಾತ್ರಿ ನಿದ್ದೆ ಮಾಡುವುದಿಲ್ಲ. ಕಲ್ಲು ಹಾಕಿ ಅಂತ ನಗರಸಭೆ ಸದಸ್ಯರ ಮನೆಗೆ ಹೋಗುತ್ತಾರೆ. ಅವರ ಕೈಯಲ್ಲಿ ಎಂತ ಉಂಟು? ತಡೆಗೋಡೆ ಬಂದರು ಇಲಾಖೆಯ ಕೆಲಸ. ಉಳ್ಳಾಲದ ದೊಡ್ಡ ಯೋಜನೆಗೆ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್‌ನ ಸಾಲ ತಂದದ್ದು. ಸದಸ್ಯರು ಮಳೆಯಲ್ಲಿ ಕೊಡೆ ಹಿಡಿದು ಜನರ ಒಟ್ಟಿಗೆ ನಿಲ್ಲಬಹುದು, ಗಂಜಿ ಕೇಂದ್ರ ತೆರೆಸಬಹುದು, ಅಷ್ಟೇ.

ಮೀನುಪೇಟೆ
ಮತ್ತೆ ತೊಕ್ಕೊಟ್ಟಿನ ಫ್ಲೈಓವರ್? ಅದಕ್ಕೆ ಎಷ್ಟು ವರ್ಷ ಹಿಡಿಯಿತು! ಅದೂ ನಗರಸಭೆಯದ್ದಲ್ಲವಾ?

ತೊಕ್ಕೊಟ್ಟು_44
ಅಲ್ಲ ಅಲ್ಲ. ಅದು ರಾಷ್ಟ್ರೀಯ ಹೆದ್ದಾರಿ 66, ಹೆದ್ದಾರಿ ಪ್ರಾಧಿಕಾರದ್ದು. ತೊಕ್ಕೊಟ್ಟು 2019ರ ಜೂನ್‌ನಲ್ಲಿ ಬಿಟ್ಟರು, ಪಂಪ್‌ವೆಲ್ 2020ರ ಜನವರಿ ಕೊನೆಗೆ. ಆಗ 44 ನಂಬರ್ ಬಸ್ಸಲ್ಲಿ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣಕ್ಕೆ ಹೋಗುವವರು ಪಂಪ್‌ವೆಲ್‌ನಲ್ಲೇ ಅರ್ಧ ಪೇಪರ್ ಓದಿ ಮುಗಿಸುತ್ತಿದ್ದರು.

ಮೀನುಪೇಟೆ
44 ಅಂದಾಗ ನೆನಪಾಯಿತು, ರಾತ್ರಿ ಕೊನೆಯ ಬಸ್ಸಿಗೆ ಈಗ ಜನ ಇದ್ದಾರಾ? ನಾವು ಚಿಕ್ಕವರಿದ್ದಾಗ ಮೀನಿನ ಬುಟ್ಟಿ ಇಟ್ಟುಕೊಂಡ ಹೆಂಗಸರಿಗೆ ಹಿಂದಿನ ಬಾಗಿಲ ಹತ್ತಿರ ಜಾಗ ಬಿಡುತ್ತಿದ್ದರು. ಕಂಡಕ್ಟರ್‌ಗೆ ಎಲ್ಲರ ಹೆಸರೂ ಗೊತ್ತಿತ್ತು.

ಕಡತದ_ಧೂಳು
ಉಳ್ಳಾಲದ ಮಾತು ಬಂದದ್ದಕ್ಕೆ ಒಂದು ಹಳೆಯ ಸಂಗತಿ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ನಮ್ಮ ಕಡೆ ಬಂದಿದ್ದ. ಉಳ್ಳಾಲದ ರಾಣಿಯನ್ನು ನೋಡಬೇಕೆಂದು ಹೋದರೆ, ಅವನಿಗೆ ಸಿಕ್ಕಿದ್ದು ಬರಿಗಾಲಲ್ಲಿ ದಾರಿಯಲ್ಲಿ ನಡೆಯುತ್ತಿದ್ದ ರಾಣಿ. ನೀರಿಗಾಗಿ ಅಗೆಸುತ್ತಿದ್ದ ಕಾಲುವೆಯ ಕೆಲಸ ನೋಡಲಿಕ್ಕೆ ಅವಳೇ ಬಂದಿದ್ದಳು. ಅವಳು ಪೋರ್ಚುಗೀಸರ ಎದುರು ನಿಂತ ಅಬ್ಬಕ್ಕಳೇ, ಆಮೇಲಿನವಳೇ ಎಂಬ ಚರ್ಚೆ ಬೇರೆ. ನನಗೆ ಆ ಕಾಲುವೆಯೇ ಮುಖ್ಯ. ತೋಡಿನ ಕೆಲಸವನ್ನು ಸ್ಥಳಕ್ಕೆ ಬಂದು ನೋಡುವುದು ಈ ಮಣ್ಣಿನ ಹಳೆಯ ಆಡಳಿತದ ರೀತಿ.

ಬಾವಿಕಟ್ಟೆ
ಇದನ್ನು ಅತ್ತೆಗೆ ಓದಿ ಹೇಳಿದೆ. "ಹಾಗಾದರೆ ಆ ರಾಣಿಗೆ ನಮ್ಮ ಮೋರಿ ಅರ್ಥ ಆಗುತ್ತಿತ್ತು" ಎಂದರು.

ಒಂದು ಅನುಮಾನ. ನಮ್ಮ ವಾರ್ಡಿನ ಸದಸ್ಯೆ ಒಳ್ಳೆಯವರು, ಫೋನ್ ತೆಗೆಯುತ್ತಾರೆ. ಆದರೆ ಆಯ್ಕೆಯಾದ ಮೇಲೆ ಬಹಳ ಸಮಯ "ನಮಗೆ ಇನ್ನೂ ಅಧಿಕಾರ ಬಂದಿಲ್ಲ" ಎನ್ನುತ್ತಿದ್ದರು. ಗೆದ್ದ ಮೇಲೆ ಅಧಿಕಾರ ಇಲ್ಲ ಅಂದರೆ ಎಂತ?

ಮಾಜಿ_ಸದಸ್ಯೆ
ಇದಕ್ಕೆ ನಾನು ಉತ್ತರ ಹೇಳಬೇಕು, ಯಾಕೆಂದರೆ ಅನುಭವಿಸಿದವಳು. ನಾನು 2018ರ ಆಗಸ್ಟ್ ಕೊನೆಯಲ್ಲಿ ನಡೆದ ಚುನಾವಣೆಯಲ್ಲಿ ಗೆದ್ದೆ. ಊರಿನ ಹೆಸರು ನಾನೂ ಹೇಳುವುದಿಲ್ಲ. ಪ್ರಮಾಣಪತ್ರ ಕೈಗೆ ಬಂತು, ಮನೆಯಲ್ಲಿ ಪಾಯಸ ಆಯಿತು. ಆಮೇಲೆ ಏನೂ ಇಲ್ಲ. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಯಿತು. ಅಧ್ಯಕ್ಷರಿಲ್ಲದೆ ಕೌನ್ಸಿಲ್ ಕೂರುವುದಿಲ್ಲ, ಸ್ಥಾಯಿ ಸಮಿತಿ ಆಗುವುದಿಲ್ಲ. ಆಡಳಿತಾಧಿಕಾರಿ ನಡೆಸಿದರು. ರಾಜ್ಯದ ಎಷ್ಟೋ ಊರುಗಳಲ್ಲಿ ಹೀಗೇ ಆಯಿತು. ಅಧ್ಯಕ್ಷರ ಚುನಾವಣೆ ನಡೆದದ್ದು 2020ರ ಅಕ್ಟೋಬರ್, ನವೆಂಬರ್‌ನಲ್ಲಿ. ಎರಡು ವರ್ಷ ನಾನು ಗೆದ್ದವಳೂ ಹೌದು, ಯಾರೂ ಅಲ್ಲವೂ ಹೌದು.

ಆ ಎರಡು ವರ್ಷದ ಒಂದು ದಿನ ಹೇಳುತ್ತೇನೆ. ಕೊರೊನಾ ಮೊದಲ ಲಾಕ್‌ಡೌನ್. ನಮ್ಮ ವಾರ್ಡಿನ ಒಬ್ಬ ಅಜ್ಜಿ ಫೋನ್ ಮಾಡಿ, ನಳ್ಳಿಯಲ್ಲಿ ಮೂರು ದಿನದಿಂದ ನೀರಿಲ್ಲ ಎಂದರು. ನನಗೆ ಟ್ಯಾಂಕರ್ ಕಳಿಸಿ ಅಂತ ಆದೇಶ ಕೊಡುವ ಅಧಿಕಾರ ಇಲ್ಲ. ವಾಲ್ವ್‌ಮ್ಯಾನ್‌ಗೆ ಫೋನ್ ಮಾಡಿ, ಅವರ ಒಟ್ಟಿಗೆ ನಾನೇ ನಡೆದು ಹೋಗಿ ನೋಡಿದರೆ ಒಂದು ವಾಲ್ವ್ ಮಣ್ಣಿನಲ್ಲಿ ಹೂತು ಹೋಗಿತ್ತು. ಕೈಯಲ್ಲೇ ಮಣ್ಣು ತೆಗೆದೆವು. ನೀರು ಬಂತು. ಅಜ್ಜಿ ಬೆಲ್ಲ ನೀರು ಕೊಟ್ಟರು. ಸದಸ್ಯೆ ಎಂದು ನನಗೆ ಮೊದಲ ಸಲ ಅನಿಸಿದ್ದು ಆ ದಿನ.

ಅಧ್ಯಕ್ಷರ ಅವಧಿ 30 ತಿಂಗಳು. ಮೊದಲ ಅವಧಿ 2023ರಲ್ಲಿ ಮುಗಿಯಿತು. ಎರಡನೇ ಅವಧಿಯ ಮೀಸಲಾತಿಗೆ ಮತ್ತೆ ಒಂದು ವರ್ಷಕ್ಕೂ ಮೇಲೆ ಕಾದದ್ದು, 2024ರ ಆಗಸ್ಟ್‌ವರೆಗೆ. ಅದಕ್ಕೇ ಹೇಳುತ್ತೇನೆ, ಪಟ್ಟಣವೋ ನಗರವೋ ಆಮೇಲೆ ನೋಡುವ. ಮೊದಲು ಗೆದ್ದವರು ಗೆದ್ದ ತಿಂಗಳಲ್ಲೇ ಕೂರಬೇಕು.

ಏಳನೇ_ಬ್ಲಾಕ್
ಅಕ್ಕ, ಕೈಮುಗಿದೆ. ಪಾಲಿಕೆಯಲ್ಲೂ ಅದೇ ಕಥೆ. 2019ರ ನವೆಂಬರ್‌ನಲ್ಲಿ ಆಯ್ಕೆಯಾದ ಮಂಗಳೂರು ಕೌನ್ಸಿಲ್‌ನ ಅವಧಿ 2025ರ ಫೆಬ್ರವರಿಗೆ ಮುಗಿಯಿತು. ಆಮೇಲೆ ಆಡಳಿತಾಧಿಕಾರಿ. ಅಲ್ಲಿ ಮೇಯರ್ ಅವಧಿ ಬರೇ ಒಂದು ವರ್ಷ. ಕಡತ ಎಲ್ಲಿದೆ ಅಂತ ತಿಳಿಯುವಷ್ಟರಲ್ಲಿ ವರ್ಷ ಮುಗಿಯುತ್ತದೆ.

ಮೀನುಪೇಟೆ
ಮೇಯರ್‌ಗೆ ನಾವೇ ಓಟು ಹಾಕುವುದಲ್ಲವಾ?

ಏಳನೇ_ಬ್ಲಾಕ್
ಅಲ್ಲ. ನಾವು ಕಾರ್ಪೊರೇಟರ್‌ಗೆ ಹಾಕುವುದು, ಅವರೆಲ್ಲ ಸೇರಿ ಮೇಯರ್ ಆರಿಸುವುದು.

ಕಾನೂನು_ಕಪಾಟು
ಬಾವಿಕಟ್ಟೆಯವರ ಮೂಲ ಪ್ರಶ್ನೆಗೆ ಬರುತ್ತೇನೆ. ಗ್ರಾಮ ಸಭೆಯ ಜಾಗಕ್ಕೆ ಎಂತ? ಸಂವಿಧಾನದ 74ನೇ ತಿದ್ದುಪಡಿಯಲ್ಲಿ ವಾರ್ಡ್ ಸಮಿತಿ ಕಡ್ಡಾಯ ಮಾಡಿದ್ದಾರೆ, ಆದರೆ 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಊರಿಗೆ. ಮಂಗಳೂರು ಪಾಲಿಕೆಯಲ್ಲಿ ವಾರ್ಡ್ ಸಮಿತಿ ಆಯಿತು, ಅದಕ್ಕೂ ನಾಗರಿಕರು ವರ್ಷಗಟ್ಟಲೆ ಬೆನ್ನು ಹತ್ತಬೇಕಾಯಿತು. ಹಳ್ಳಿಗೆ ಗ್ರಾಮ ಸಭೆ, ಮಹಾನಗರಕ್ಕೆ ವಾರ್ಡ್ ಸಮಿತಿ. ನಡುವಿನ ಪಟ್ಟಣ ಪಂಚಾಯತ್, ಪುರಸಭೆಯವರು ಎರಡೂ ಇಲ್ಲದೆ ಉಳಿದರು. ಇದು ಕಾನೂನಿನಲ್ಲೇ ಇರುವ ದೊಡ್ಡ ಕೊರತೆ, ನನಗೆ ಇದರ ಬಗ್ಗೆ ನಿಜವಾಗಿಯೂ ಸಿಟ್ಟು ಉಂಟು.

ಹಾಗಂತ ಬಾಗಿಲೇ ಇಲ್ಲ ಎಂದಲ್ಲ. ತಿಂಗಳಿಗೊಂದು ಸಾಮಾನ್ಯ ಸಭೆ ನಡೆಯಬೇಕು. ಅದರ ನಡಾವಳಿ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಗಡಿ ಬದಲಿಸುವ ಮೊದಲು ಕರಡು ಅಧಿಸೂಚನೆ ಬರುತ್ತದೆ, ಆಗ ಯಾರು ಬೇಕಾದರೂ ಆಕ್ಷೇಪಣೆ ಕೊಡಬಹುದು. ಗಡುವು ದಾಟಿದ ಮೇಲೆ ಹೇಳಿದರೆ ಬರೇ ಮಾತಾಗಿ ಉಳಿಯುತ್ತದೆ.

ಸ್ವರ್ಣೆಯ_ನೀರು
ತೆರಿಗೆ ಬಗ್ಗೆಯೂ ಒಂದು ಮಾತು. ಎಪ್ರಿಲ್ ಒಳಗೆ ಕಟ್ಟಿದರೆ ಶೇ 5 ರಿಯಾಯಿತಿ ಉಂಟು. ತಡ ಮಾಡಿದರೆ ತಿಂಗಳಿಗೆ ಶೇ 2 ದಂಡ ಬೀಳುತ್ತದೆ. ಚಲನ್‌ನಲ್ಲಿ ಗ್ರಂಥಾಲಯಕ್ಕೆ ಶೇ 6, ಭಿಕ್ಷುಕರ ಕರ ಶೇ 3 ಎಂದು ಕಾಣುತ್ತದೆ. ಆ ದುಡ್ಡು ನಿಮ್ಮ ಕೌನ್ಸಿಲ್‌ಗೆ ಉಳಿಯುವುದಲ್ಲ, ಮೇಲೆ ಹೋಗುತ್ತದೆ. ತೆರಿಗೆ ಪೂರ್ತಿ ಮೋರಿಗೆ ಬರುತ್ತದೆ ಎಂದು ಲೆಕ್ಕ ಹಾಕಬೇಡಿ.

ಮಾಜಿ_ಸದಸ್ಯೆ
ಅನುದಾನದಲ್ಲೂ ಶೇ 24.10 ಪರಿಶಿಷ್ಟರಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಎಂದು ಮೀಸಲು ಇಡಬೇಕು. ಅದು ಸರಿಯಾದ ನಿಯಮ, ಅದನ್ನು ಮುಟ್ಟಬಾರದು. ನಿಮ್ಮ ಹತ್ತಿರದಲ್ಲಿ ಆ ಕಾಲೊನಿಗಳು ಇದ್ದರೆ ಮೊದಲು ಅವರ ಮೋರಿ ಆಗಲಿ ಅಂತ ನೀವೂ ಕೇಳಿ.

ಅಡಿಕೆ_ಸೋಗೆ
ಖಾತೆ ಸಮಸ್ಯೆ ಯಾರೂ ಹೇಳಲೇ ಇಲ್ಲ. ಗ್ರಾಮ ಪಂಚಾಯತ್‌ನ ಖಾತೆ, ಅಂದರೆ ನೈನ್ ಇಲೆವೆನ್ (ನಮೂನೆ 9, 11) ಇದ್ದವರಿಗೆ ಈಗ ಪಟ್ಟಣದ ಖಾತೆಯಾದ ನಮೂನೆ 3 ಮಾಡಿಸಲು ತಿರುಗಿ ತಿರುಗಿ ಚಪ್ಪಲಿ ಸವೆದಿದೆ. ಬ್ಯಾಂಕಿನವರು ಹಳೆಯದ್ದನ್ನು ನೋಡುವುದೇ ಇಲ್ಲ.

ಜಲ್ಲಿ_ಸಿಮೆಂಟು
ಎಲ್ಲರೂ ಚರಿತ್ರೆ, ಕಾನೂನು ಹೇಳಿದಿರಿ. ಮೋರಿ ಯಾರದ್ದು ಎಂದು ಯಾರೂ ಕೇಳಲಿಲ್ಲ! ಅಕ್ಕ, ಮೋರಿ ಇರುವ ರಸ್ತೆ ಯಾವುದು? ವಾರ್ಡ್ ರಸ್ತೆಯಾದರೆ ಪಟ್ಟಣ ಪಂಚಾಯತ್‌ನದ್ದು. ಜಿಲ್ಲಾ ರಸ್ತೆಯಾದರೆ ಪಟ್ಟಣ ಪಂಚಾಯತ್ ಅದಕ್ಕೆ ಕೈ ಹಾಕುವುದೇ ಇಲ್ಲ, ಇನ್ನೊಂದು ಇಲಾಖೆಯದ್ದು ಅದು. ಹತ್ತಿರ ಮೈಲಿಗಲ್ಲು ಇದ್ದರೆ ತಲೆಯ ಬಣ್ಣ ನೋಡಿ. ಹಳದಿ ಆದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ರಾಜ್ಯ ಹೆದ್ದಾರಿ, ಕಪ್ಪು ಆದರೆ ಜಿಲ್ಲಾ ರಸ್ತೆ.

ಬಾವಿಕಟ್ಟೆ
ಈಗ ಟಾರ್ಚ್ ಹಿಡಿದುಕೊಂಡು ಹೋಗಿ ನೋಡಿ ಬಂದೆ. ನಮ್ಮ ಗೇಟಿನಿಂದ ನಾಲ್ಕು ತೆಂಗಿನ ಮರ ದಾಟಿದರೆ ಒಂದು ಕಲ್ಲು ಉಂಟು, ಅರ್ಧ ಬಳ್ಳಿ ಮುಚ್ಚಿತ್ತು. ಬಳ್ಳಿ ಎಳೆದೆ. ತಲೆ ಕಪ್ಪು.

ಜಲ್ಲಿ_ಸಿಮೆಂಟು
ಅಯ್ಯೋ. ಹಾಗಾದರೆ ಇಷ್ಟು ವರ್ಷ ತಪ್ಪು ಬಾಗಿಲು ತಟ್ಟಿದ್ದೀರಿ. ಗ್ರಾಮ ಪಂಚಾಯತ್ ಇದ್ದಾಗಲೂ ಅದು ಅವರ ಮೋರಿ ಆಗಿರಲಿಲ್ಲ.

ಹಳೇ_ಕಾರ್ಯದರ್ಶಿ
ಇದನ್ನು ಯಾರಾದರೂ ಒಬ್ಬರು ಗ್ರಾಮ ಸಭೆಯಲ್ಲೇ ನಿಮ್ಮ ಅತ್ತೆಗೆ ಹೇಳಬೇಕಿತ್ತು. ಅಂಥ ಅರ್ಜಿಯನ್ನು ಸಂಬಂಧಪಟ್ಟ ಇಲಾಖೆಗೆ ಕಳಿಸುವುದು ನಮ್ಮ ಕೆಲಸ. ಎಷ್ಟೋ ಸಲ ಕಳಿಸದೆ "ನೋಡುವ" ಎಂದು ಹೇಳಿ ಮುಗಿಸಿದ್ದುಂಟು, ನಾನೂ ಹೇಳಿದ್ದೇನೆ. ಅದಕ್ಕೆ ನನಗೆ ಬೇಸರ ಉಂಟು.

ಮಾಜಿ_ಸದಸ್ಯೆ
ಬಾವಿಕಟ್ಟೆ, ಹೀಗೆ ಮಾಡಿ. ಎರಡು ಅರ್ಜಿ ಬರೆಯಿರಿ. ಒಂದು ರಸ್ತೆ ಇಲಾಖೆಗೆ, ಮೋರಿ ದೊಡ್ಡದು ಮಾಡಲಿಕ್ಕೆ. ಇನ್ನೊಂದು ಪಟ್ಟಣ ಪಂಚಾಯತ್‌ಗೆ, ಮಳೆಗೆ ಮೊದಲು ತೋಡಿನ ಹೂಳು ತೆಗೆಯಲಿಕ್ಕೆ, ಅದು ಅವರದ್ದೇ. ಎರಡಕ್ಕೂ ಟಪಾಲಿನಲ್ಲಿ ಸೀಲು, ನಂಬರ್, ತಾರೀಕು ಹಾಕಿಸಿಕೊಂಡೇ ಬನ್ನಿ. ನಿಮ್ಮ ವಾರ್ಡಿನ ಸದಸ್ಯೆಯನ್ನು ಒಟ್ಟಿಗೆ ಕರೆದುಕೊಂಡು ಹೋಗಿ. ಅವರ ಕೈಗೆ ಒಂದು ಪ್ರತಿ ಕೊಟ್ಟು, ಮುಂದಿನ ಸಾಮಾನ್ಯ ಸಭೆಯಲ್ಲಿ ಓದಿ ಎಂದು ಹೇಳಿ. ಸಭೆಯಲ್ಲಿ ಓದಿದ್ದು ನಡಾವಳಿಯಲ್ಲಿ ಬರುತ್ತದೆ. ನಡಾವಳಿಯಲ್ಲಿ ಬಂದದ್ದನ್ನು ಮುಂದಿನ ತಿಂಗಳು ಮತ್ತೆ ಕೇಳಬಹುದು.

ಕಾಪು_ಕಡಲು
ಪಾಲಿಕೆಗೆ ಸೇರಿಸುವ ಕರಡು ಬಂದರೆ ಇಲ್ಲಿ ಹಾಕಿ. ಉದ್ಯೋಗ ಖಾತರಿ, ವಾರ್ಡ್ ಸಮಿತಿ ಎರಡನ್ನೂ ಆಕ್ಷೇಪಣೆಯಲ್ಲಿ ಬರೆಯುವ. ನಾನು ಒಂದು ಮಾದರಿ ಬರೆದು ಕೊಡುತ್ತೇನೆ.

ತೊಕ್ಕೊಟ್ಟು_44
ನಾನು ಸೇರಿಸಬೇಕು ಎನ್ನುವವನು. ಆದರೂ ಆ ಅರ್ಜಿಗೆ ಸಹಿ ಹಾಕುತ್ತೇನೆ. ವಾರ್ಡ್ ಸಮಿತಿ ಇಲ್ಲದೆ ಸೇರುವುದು ಬೇಡ.

ಬಾವಿಕಟ್ಟೆ
ಎಲ್ಲರಿಗೂ ತುಂಬಾ ಉಪಕಾರ. ಸೋಮವಾರ ಹೋಗುತ್ತೇವೆ. ಅತ್ತೆಯೂ ಬರುತ್ತಾರೆ. ಬಿಸ್ಕಿಟ್ ಡಬ್ಬಿ ಒರೆಸಿ ಬಾಗಿಲ ಹತ್ತಿರ ಇಟ್ಟಾಗಿದೆ. ಕಪ್ಪು ಕಲ್ಲಿನ ಫೋಟೊ ತೆಗೆದಿದ್ದೇನೆ, ಮೋರಿಯದ್ದು ಬೆಳಿಗ್ಗೆ ತೆಗೆಯುತ್ತೇನೆ.

ಜಲ್ಲಿ_ಸಿಮೆಂಟು
ಮೋರಿಯ ಫೋಟೊ ಒಣಗಿದ್ದು ಒಂದು ತೆಗೆಯಿರಿ. ಪಕ್ಕದಲ್ಲಿ ಅಳತೆಗೆ ಕೊಡಪಾನ ಇಟ್ಟು ತೆಗೆಯಿರಿ, ಬಾಯಿ ಎಷ್ಟು ಸಣ್ಣದು ಎಂದು ಎಂಜಿನಿಯರ್‌ಗೆ ಕೂಡಲೇ ಗೊತ್ತಾಗುತ್ತದೆ. ಹೋದ ವರ್ಷ ಅಂಗಳದಲ್ಲಿ ನೀರು ನಿಂತ ವಿಡಿಯೊ ಯಾರ ಮೊಬೈಲ್‌ನಲ್ಲಾದರೂ ಉಂಟಾ ಕೇಳಿ.

ಬಾವಿಕಟ್ಟೆ
ಪಕ್ಕದ ಮನೆಯ ಹುಡುಗನ ಮೊಬೈಲ್‌ನಲ್ಲಿ ಉಂಟಂತೆ. ಈಗಲೇ ಕೇಳುತ್ತೇನೆ.